ಗಣಪತಿಗೆ ದೈಫುಕು

ಆಗೆಲ್ಲ ತಿಂಡಿಯ ಪೊಟ್ಟಣದ ಮೇಲೆ ಫೋನ್ ಹಿಡಿದು ಅಕ್ಷರ ಓದಿಸುವ ಕಾಲ ಬಂದಿರಲಿಲ್ಲ. ಒಳಗೇನಿದೆ ಎಂದು ತಿಳಿಯಬೇಕಾದರೆ ಎದುರಿಗಿರುವವರನ್ನು ಬಾಯಿಬಿಟ್ಟು ಕೇಳಬೇಕಿತ್ತು. ನಮ್ಮ ಮನೆಯಲ್ಲಿ ಕೇಳುವ ಕೆಲಸ ನನ್ನದಾಗಿತ್ತು. ನನಗೆ ಆಗ ಎಂಟು ವರ್ಷ.

ಅಪ್ಪ ಒಕಾಜಾಕಿಯ ಗುಡ್ಡದ ಮೇಲಿನ ಸಂಶೋಧನಾಲಯಕ್ಕೆ ಒಂದು ವರ್ಷದ ಮಟ್ಟಿಗೆ ಬಂದಿದ್ದರು. ಮೀನಿನ ನರಗಳ ಮೇಲೆ ಅವರ ಕೆಲಸ. ಸಂಜೆ ಬಾಗಿಲು ತೆರೆದ ಕೂಡಲೇ ಅಮ್ಮ, "ಅಲ್ಲೇ ನಿಲ್ಲಿ, ಏನೂ ಮುಟ್ಬೇಡಿ, ಸೀದಾ ಸ್ನಾನಕ್ಕೆ" ಎನ್ನುತ್ತಿದ್ದಳು. ಅಪ್ಪ ಸಿಕ್ಕಿಬಿದ್ದ ಕಳ್ಳನ ಹಾಗೆ ಎರಡೂ ಕೈ ಮೇಲೆತ್ತಿಕೊಂಡು ಬಚ್ಚಲಿಗೆ ನಡೆಯುತ್ತಿದ್ದರು. ನನ್ನನ್ನು ಅಲ್ಲಿಯ ಸರ್ಕಾರಿ ಶಾಲೆಯ ಎರಡನೇ ತರಗತಿಗೆ ಸೇರಿಸಿದ್ದರು. ಹಳದಿ ಟೋಪಿ, ಬೆನ್ನಿಗೆ ಪೆಟ್ಟಿಗೆಯಂಥ ಚರ್ಮದ ಚೀಲ. ಕೆಲವೇ ತಿಂಗಳಲ್ಲಿ ಆ ಭಾಷೆ ನನ್ನ ಬಾಯಿಗೆ ಹೇಗೆ ಹತ್ತಿತೋ ನನಗೇ ಗೊತ್ತಿಲ್ಲ. ಅಮ್ಮನದು ಮಾತ್ರ ಕ್ಷಮೆ ಕೇಳುವ 'ಸುಮಿಮಾಸೆನ್', ಥ್ಯಾಂಕ್ಸ್ ಹೇಳುವ 'ಅರಿಗಾತೋ' ಬಿಟ್ಟು ಮುಂದಕ್ಕೆ ಹೋಗಲಿಲ್ಲ. ಅಪ್ಪ ಗುಡ್ಡಕ್ಕೆ, ನಾನು ಶಾಲೆಗೆ ಹೋದ ಮೇಲೆ ಅವಳು ಕಿಟಕಿಯ ಬಳಿ ಕುಳಿತಿರುತ್ತಿದ್ದಳು. ಊರಿನ ಕಡೆಯಿಂದ ಗಾಳಿ ಬೀಸಿದರೆ ಹುದುಗಿದ ಸೋಯಾದ ಘಾಟು ಬರುತ್ತಿತ್ತು. ಅಮ್ಮ ಎದ್ದು ಕಿಟಕಿ ಮುಚ್ಚುತ್ತಿದ್ದಳು.

ಅವಳದೊಂದೇ ಕಟ್ಟಪ್ಪಣೆ: "ಒಳಗೇನಿದೆ ಅಂತ ಕೇಳದೇ ಏನನ್ನೂ ಬಾಯಿಗೆ ಹಾಕ್ಬೇಡ." ಬಿಸ್ಕತ್ತಿನಲ್ಲಿ ಕೊಬ್ಬು, ಚಿಪ್ಸಿನಲ್ಲಿ ಮೀನಿನ ಪುಡಿ, ಜೆಲ್ಲಿಯಲ್ಲಿ ಇನ್ನೇನೋ. ಮೇಲಿನಿಂದ ನೋಡಿದರೆ ಎಲ್ಲ ಸಾಧುವಾಗಿಯೇ ಕಾಣುತ್ತಿದ್ದ ದೇಶವದು. ಹಾಗಾಗಿ ನಾನು ಕಲಿತ ಮೊದಲ ಪೂರ್ತಿ ಜಪಾನಿ ವಾಕ್ಯವೇ "ಇದರ ಒಳಗೇನಿದೆ?" ಎಂಬುದು.

ಮನೆಯಿಂದ ಶಾಲೆಗೆ ಹೋಗುವ ಇಳಿಜಾರಿನಲ್ಲಿ ಒಂದು ಸಿಹಿತಿಂಡಿ ಅಂಗಡಿ ಇತ್ತು. ಜಾರುವ ಮರದ ಬಾಗಿಲು, ಒಳಗೆ ಒಂದೇ ಗಾಜಿನ ಪೆಟ್ಟಿಗೆ, ಅದರ ಹಿಂದೆ ಬಿಳಿ ತಲೆವಸ್ತ್ರದ ಅಜ್ಜಿ. ಮಕ್ಕಳೆಲ್ಲ ಆಕೆಯನ್ನು ಓಬಾಚಾನ್ ಎನ್ನುತ್ತಿದ್ದರು, ಅಂದರೆ ಅಜ್ಜಿ ಎಂದೇ. ಆಕೆ ಮಾಡುತ್ತಿದ್ದದ್ದು ದೈಫುಕು. ಜಿಗುಟಕ್ಕಿಯನ್ನು ಬೇಯಿಸಿ ಕುಟ್ಟಿದ ಹಿಟ್ಟಿನ ತೆಳು ಹೊದಿಕೆ, ಒಳಗೆ ಸಿಹಿ ಹೂರಣ. ಮೈಮೇಲೆ ಹಿಟ್ಟು ಉದುರಿಸಿಕೊಂಡು, ಪೌಡರ್ ಹಚ್ಚಿದ ಮಗುವಿನ ಕೆನ್ನೆಗಳಂತೆ ಸಾಲಾಗಿ ಕುಳಿತಿರುತ್ತಿದ್ದವು. ಗಾಜಿಗೆ ಮೂಗು ಒತ್ತಿ ನೋಡುವುದು ನನ್ನ ನಿತ್ಯದ ಕೆಲಸ. ಕೆಲವು ಬಿಳಿಯವು, ಕೆಲವಕ್ಕೆ ಕಪ್ಪು ಕಾಳುಗಳು ಉಬ್ಬಿರುತ್ತಿದ್ದವು, ಕೆಲವು ಹಸಿರು. ಬೇಸಿಗೆಯಲ್ಲಿ ಹುಳಿಯಾದ ಜಪಾನಿ ಪ್ಲಮ್ ಹಣ್ಣಿನದು ಬಂತು, ರಜೆ ಮುಗಿಯುವ ಹೊತ್ತಿಗೆ ಇಡೀ ದ್ರಾಕ್ಷಿ ಅಡಗಿಸಿದ್ದು.

ಗೋಡೆಯ ಮೇಲೆ ಸಾಲಾಗಿ ಪುಟ್ಟ ಮರದ ಹಲಗೆಗಳು ತೂಗುತ್ತಿದ್ದವು. ಒಂದೊಂದು ರುಚಿಗೆ ಒಂದೊಂದು ಹಲಗೆ, ಓಬಾಚಾನ್‌ಳ ಗಂಡ ಬದುಕಿದ್ದಾಗ ಬಣ್ಣದಲ್ಲಿ ಬರೆದ ಚಿತ್ರಗಳು. ಆ ತಿಂಗಳು ಸಿಗುವ ತಿಂಡಿಯ ಹಲಗೆ ನಮ್ಮ ಕಡೆ ಮುಖ ಮಾಡಿರುತ್ತಿತ್ತು. ಉಳಿದವು ಗೋಡೆಯ ಕಡೆ ತಿರುಗಿರುತ್ತಿದ್ದವು. ಕೊನೆಯದೊಂದನ್ನು ತೋರಿಸಿ ನಾನು, "ಅದರಲ್ಲೇನಿದೆ?" ಎಂದು ಕೇಳಿದೆ.

"ಅದು ಮಲಗಿದೆ. ಚಳಿಗಾಲದಲ್ಲಿ ಏಳುತ್ತೆ" ಎಂದಳು ಓಬಾಚಾನ್.

ಪಕ್ಕದಲ್ಲಿದ್ದ ನನ್ನ ತರಗತಿಯ ಕಾನಾ ತಡೆಯಲಾರದೆ ಬಾಯಿಬಿಟ್ಟಳು. "ಸ್ಟ್ರಾಬೆರಿ! ಇಡೀ ಸ್ಟ್ರಾಬೆರಿ, ಹಸಿಯದು! ಕಚ್ಚಿದರೆ ರಸ ಮೊಣಕೈವರೆಗೂ ಇಳಿಯುತ್ತೆ. ನೀನು ತಿಂದೇ ಇಲ್ವಾ? ಅಯ್ಯೋ ಪಾಪ!"

ಬೇಳೆಯ ಹೂರಣದ ನಡುವೆ ಹಸಿ ಹಣ್ಣು! ಅದು ಬಾಯಲ್ಲಿ ಹೇಗಿರಬಹುದು? ತಣ್ಣಗೋ, ಹುಳಿಯೋ? ಹೂರಣ ನೀರಾಗುವುದಿಲ್ಲವೆ? ಹಣ್ಣನ್ನು ಒಳಗೆ ಹೇಗೆ ಕೂರಿಸುತ್ತಾರೆ? ಗಣಿತದ ಪಾಠ ನಡೆಯುವಾಗಲೂ ನನ್ನ ತಲೆಯಲ್ಲಿ ಇದೇ. ಕೈಯಲ್ಲಿ ಕಾಸಿಲ್ಲದೆ ಒಂದು ರುಚಿಯನ್ನೂ ಕಂಡಿರದ ನನಗೆ ಎಲ್ಲಕ್ಕಿಂತ ಆ ತಿರುಗಿ ಮಲಗಿದ ಹಲಗೆಯದೇ ಚಿಂತೆಯಾಯಿತು.

ಆಗಸ್ಟ್ ಕೊನೆಯ ಒಂದು ಸಂಜೆ, ಊಟಕ್ಕೆ ಕುಳಿತಾಗ ಅಮ್ಮ ಅಪ್ಪನಿಗೆ ಹೇಳಿದಳು: "ಹಬ್ಬ ಒಂದು ಮುಗೀಲಿ. ದಸರಾ ಹೊತ್ತಿಗೆ ನಾನು ಇವಳನ್ನ ಕರ್ಕೊಂಡು ಮೈಸೂರಿಗೆ ಹೋಗ್ಬಿಡ್ತೀನಿ. ನೀವು ಮಾರ್ಚ್‌ಗೆ ಬನ್ನಿ."

"ಇನ್ನು ಆರೇಳು ತಿಂಗಳು ಕಣೆ. ಅಡ್ಜಸ್ಟ್ ಮಾಡ್ಕೋ."

"ನಿಮಗೇನು, ಮೀನಾದ್ರೂ ಇದಾವೆ. ನನಗೆ ಮಾತಾಡಕ್ಕೆ ಈ ಊರಲ್ಲಿ ಯಾರಿದಾರೆ ಹೇಳಿ?"

ನಾನು ಬೆರಳು ಮಡಿಸಿ ನೋಡಿದೆ. ದಸರಾ ಬರುವುದು ಚಳಿಗಾಲಕ್ಕೆ ಮೊದಲು. ಹಲಗೆ ತಿರುಗುವಾಗ ನಾನು ಇಲ್ಲಿರುವುದಿಲ್ಲ.

"ಸ್ಟ್ರಾಬೆರಿ ಬಂದ್ಮೇಲೆ ಹೋಗೋಣ ಅಮ್ಮಾ" ಎಂದೆ. ಅವಳು ನನ್ನ ತಟ್ಟೆಗೆ ಸಾರು ಬಡಿಸಿ, "ತಿನ್ನು ಸುಮ್ನೆ" ಎಂದಳು.

ಗೌರಿ-ಗಣೇಶ ಬಂತು. ನನ್ನ ಶಾಲೆಯ ಜೇಡಿಮಣ್ಣಿನಲ್ಲಿ ಅಪ್ಪ ಗಣಪತಿ ಮಾಡಿದರು. ಸೊಂಡಿಲು ಸ್ವಲ್ಪ ಮೀನಿನ ಬಾಲದ ಹಾಗಾಯಿತು ಎಂದು ಅಮ್ಮ ಅದನ್ನು ತಿದ್ದಿದಳು. ಕಡುಬಿಗೆಂದು ಅಂಗಡಿಯಿಂದ ಅಕ್ಕಿಹಿಟ್ಟು ತಂದಿದ್ದಳು. ಬಿಳಿ ಪೊಟ್ಟಣ, ಮೇಲೆ ತೆನೆಯ ಚಿತ್ರ. ಅದರ ಮೇಲಿನ ಅಕ್ಷರ ನನಗೂ ಬರುತ್ತಿರಲಿಲ್ಲ. ಹಬ್ಬದ ಹಿಂದಿನ ದಿನ ಒಂದು ನೋಡೋಣವೆಂದು ಉಗಿಗೆ ಇಟ್ಟರೆ, ಅಂದವಾಗಿ ಮಡಿಚಿಟ್ಟ ಕಡುಬು ಪಾತ್ರೆಯ ತಳದಲ್ಲಿ ಕರಗಿ ಅಂಟಾಗಿ ಕುಳಿತಿತ್ತು. ಅವಳು ತಂದದ್ದು ಜಿಗುಟಕ್ಕಿಯ ಹಿಟ್ಟು. ಚಮಚದಲ್ಲಿ ಎತ್ತಿದರೆ ಅದು ದಾರದ ಹಾಗೆ ಮೊಳದುದ್ದ ಬಂತು.

ಅಮ್ಮ ಆ ದಾರವನ್ನೇ ನೋಡುತ್ತ ನಿಂತಳು. ಅಳು ಬರುವ ಮುಂಚಿನ ಮುಖ ಅದು. ನನಗೆ ಹೊಳೆದದ್ದನ್ನು ಹೇಳಿಬಿಟ್ಟೆ. "ಅಮ್ಮಾ, ಓಬಾಚಾನ್ ಹತ್ರ ಇದೇ ಹಿಟ್ಟಲ್ಲಿ ಮಾಡಿದ್ದಿದೆ. ಒಳಗೆ ಹೂರಣ."

"ಹೂರಣನಾ? ಯಾವ ಹೂರಣ?"

"ಕೇಳ್ತೀನಿ ಬಾ."

ಹೀಗೆ ಅಮ್ಮ ಮೊದಲ ಸಲ ಆ ಮರದ ಬಾಗಿಲು ದಾಟಿದಳು. ನಾನು ಕೇಳಿದೆ. ಓಬಾಚಾನ್ ಬೆರಳು ಮಡಿಸುತ್ತ ಹೇಳಿದಳು: ಅಕ್ಕಿ, ಕೆಂಪು ಕಾಳು, ಸಕ್ಕರೆ, ಚಿಟಿಕೆ ಉಪ್ಪು. ಮೊಟ್ಟೆ? ಇಲ್ಲ. ಕೊಬ್ಬು? ಅಯ್ಯೋ, ಇಲ್ಲ. ಅಮ್ಮ ಹಸಿರಿನದರ ಮೇಲೆ ಬಗ್ಗಿ ವಾಸನೆ ನೋಡಿದಳು. ಇನ್ನೊಮ್ಮೆ ನೋಡಿದಳು. ಅವಳ ಹುಬ್ಬು ಮೇಲಕ್ಕೆ ಹೋಯಿತು.

"ಚಿತ್ರಾ, ಇದು ಮಾಚಿಪತ್ರೆ ಕಣೆ! ಗಣಪತಿಗೆ ಏರಿಸ್ತೀವಲ್ಲ, ಅದೇ ಪತ್ರೆ. ಇವರು ಹಿಟ್ಟಿಗೆ ಹಾಕಿ ರುಬ್ಬಿದಾರೆ!"

ಅದರ ಹೆಸರು ಅಲ್ಲಿ ಬೇರೆ, ಎಲೆಯೂ ತುಸು ಬೇರೆಯೇ ಇರಬೇಕು. ಆದರೆ ಘಮ ಮಾತ್ರ ನಮ್ಮ ದೇವರಮನೆಯದೇ. ಅಮ್ಮನ ಮುಖದ ಸಂತೋಷ ನೋಡಿ ಓಬಾಚಾನ್ ಒಂದನ್ನು ಹಲಗೆಯ ಮೇಲಿಟ್ಟು, ದಾರ ಸುತ್ತಿ ಎಳೆದು, ಸರಕ್ಕನೆ ಎರಡು ಹೋಳು ಮಾಡಿ, ಕಡ್ಡಿಗೆ ಚುಚ್ಚಿ ನನಗೆ ನೀಡಿದಳು. ರುಚಿ ನೋಡಲೆಂದು. ನನ್ನ ಬಾಯಿ ತೆರೆದೇ ಇತ್ತು. ಅಮ್ಮ ಕೈ ಹಿಡಿದೆಳೆದಳು.

"ನೈವೇದ್ಯಕ್ಕೆ ಮುಂಚೆ ತಿಂತಾರೇನೇ?"

ಇದನ್ನು ಜಪಾನಿ ಭಾಷೆಯಲ್ಲಿ ಹೇಗೆ ಹೇಳುವುದು? "ದೇವರು ಇನ್ನೂ ತಿಂದಿಲ್ಲ" ಎಂದೆ. ಓಬಾಚಾನ್ ಒಂದು ಕ್ಷಣ ನನ್ನನ್ನು ನೋಡಿ, ಆ ಹೋಳುಗಳನ್ನು ಗಂಭೀರವಾಗಿ ಪಕ್ಕಕ್ಕಿಟ್ಟಳು. ಪೆಟ್ಟಿಗೆ ಕಟ್ಟಿಕೊಡುವಾಗ ಮಾತ್ರ ಎರಡೆರಡು ಸಲ ಹೇಳಿದಳು: "ಇವತ್ತೇ ತಿನ್ನಬೇಕು. ಇವತ್ತೇ."

ನಾನು ಹಾಗೆಯೇ ಅಮ್ಮನಿಗೆ ಒಪ್ಪಿಸಿದೆ. ಅಮ್ಮ ಮೈಸೂರಿನ ಬುದ್ಧಿಯಲ್ಲಿ ಯೋಚಿಸಿದಳು. ಇವತ್ತೇ ತಿನ್ನಬೇಕೆಂದರೆ ನಾಳೆಗೆ ಹಳಸುತ್ತದೆ. ಹಳಸುವುದನ್ನು ಎಲ್ಲಿಡಬೇಕು? ಫ್ರಿಜ್‌ನಲ್ಲಿ.

ಬೆಳಿಗ್ಗೆ ಅಮ್ಮ ಮಡಿಯುಟ್ಟು, ಪೂಜೆಗೆಲ್ಲ ಅಣಿಮಾಡಿ ಪೆಟ್ಟಿಗೆ ತೆರೆದಳು. ದೈಫುಕು ಬೆಳ್ಳಿ ತಟ್ಟೆಗೆ 'ಟಣ್' ಎಂದು ಬಿತ್ತು. ಅಪ್ಪ ಒಂದನ್ನು ಎತ್ತಿ ಮೇಜಿಗೆ ಬಡಿದು ನೋಡಿದರು.

"ಏನೇ ಇದು? ಅವನಿಗಿರೋದು ಒಂದೇ ದಂತ. ಅದನ್ನೂ ಮುರಿಬೇಕು ಅಂತಿದೀಯಾ?"

ಬೇರೆ ದಿನವಾಗಿದ್ದರೆ ಅಮ್ಮ ನಗುತ್ತಿದ್ದಳು. ಅವತ್ತು ಅಲ್ಲೇ ಕುಸಿದು ಕುಳಿತಳು. "ಸಾಕು. ಒಂದು ಹಿಟ್ಟು ಗೊತ್ತಾಗಲ್ಲ, ಒಂದು ಮಾತು ಗೊತ್ತಾಗಲ್ಲ, ದೇವರಿಗೆ ಕಲ್ಲು ಇಟ್ಟಿದೀನಿ ನಾನು. ಟಿಕೆಟ್ ಮಾಡ್ಸಿ. ದಸರಾವರೆಗೂ ಇರಲ್ಲ."

ಅಪ್ಪ ಕೈಯಲ್ಲಿದ್ದ ದೈಫುಕುವನ್ನು ಮೆಲ್ಲಗೆ ಕೆಳಗಿಟ್ಟರು. ನಾನು ಪೆಟ್ಟಿಗೆಗೆ ಎಲ್ಲವನ್ನೂ ತುಂಬಿಕೊಂಡು, ರೇಷ್ಮೆ ಲಂಗವನ್ನು ಮೊಣಕಾಲಿಗೆ ಎತ್ತಿ ಹಿಡಿದು ಇಳಿಜಾರಿನಲ್ಲಿ ಓಡಿದೆ. ಹಿಂದೆ "ಚಿತ್ರಾ! ಏ ಚಿತ್ರಾ!" ಎಂದು ಅಮ್ಮ. ಅದು ಭಾನುವಾರ. ನಾಯಿ ಅಡ್ಡಾಡಿಸುತ್ತಿದ್ದವರು ನಿಂತು, ಓಡಿಬರುವ ಜರಿಯಂಚಿನ ಸೀರೆಗೆ ತಲೆಬಾಗಿದರು.

ಓಬಾಚಾನ್ ಒಂದನ್ನು ಬೆರಳಿನಿಂದ ಒತ್ತಿದಳು. "ಫ್ರಿಜ್‌ನಲ್ಲಿಟ್ಟಿರಾ?" ಎಂದಳು. ನಾನು ಹೂಂ ಎಂದೆ. ಆಕೆ ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಲುಕುವಂತೆ ನಕ್ಕಳು. ಈ ಹಿಟ್ಟು ತಣ್ಣಗಾದರೆ ಕಲ್ಲಾಗುತ್ತದಂತೆ. ಅದಕ್ಕೇ 'ಇವತ್ತೇ' ಅಂದದ್ದಂತೆ. ಇಷ್ಟು ಹೇಳಿ, ಒಳಮನೆಯ ಒಲೆಯ ಮೇಲೆ ತಂತಿ ಜಾಲರಿ ಇಟ್ಟು, ಕಲ್ಲುಗಳನ್ನು ಅದರ ಮೇಲೆ ಜೋಡಿಸಿದಳು.

ಅಮ್ಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ನನ್ನನ್ನು ಬೈಯಲು ತೆರೆದ ಬಾಯಿ ಹಾಗೇ ನಿಂತಿತು. ಒಲೆಯ ಮೇಲೆ ಹಿಟ್ಟಿನ ಹೊದಿಕೆ ಉಬ್ಬಿ, ಅಲ್ಲಲ್ಲಿ ಕಂದು ಚುಕ್ಕೆ ಎದ್ದು, ಒಂದು ಕಡೆ ಒಡೆದು ಹೂರಣ ಬೆಂಕಿಗೆ ತಾಗಿತ್ತು.

"ಹೋಳಿಗೆ..." ಎಂದಳು ಅಮ್ಮ. "ಕಾವಲಿ ಮೇಲಿನ ಹೋಳಿಗೆ ವಾಸನೆ ಇದು."

ಕಿಟಕಿ ಮುಚ್ಚುವ ನನ್ನ ಅಮ್ಮ ಆ ಹೊಗೆಯಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು.

ಕಣ್ಣು ತೆರೆದಾಗ ಅವಳಿಗೆ ಒಳಮನೆಯ ಮೂಲೆ ಕಂಡಿತು. ಕಪ್ಪು ಮರದ ಪುಟ್ಟ ಗೂಡು, ಒಳಗೆ ಒಬ್ಬ ಮುದುಕರ ಭಾವಚಿತ್ರ, ಮುಂದೆ ಊದುಬತ್ತಿ, ಪುಟ್ಟ ಗಂಟೆ, ತಟ್ಟೆಯಲ್ಲಿ ಆ ಬೆಳಗಿನ ಬಿಸಿ ಆರದ ಬಿಳಿಯದೊಂದು ಹಸಿರಿನದೊಂದು ದೈಫುಕು. ಅಮ್ಮ ನನ್ನ ಕಿವಿಯಲ್ಲಿ, "ಕೇಳೇ, ಮಾರಕ್ಕೆ ಮುಂಚೆ ಅವರೇ ರುಚಿ ನೋಡ್ತಾರಾ?" ಎಂದಳು.

ನಾನು ಕೇಳಿದೆ. ಓಬಾಚಾನ್ ಇಲ್ಲವೆಂದು ತಲೆಯಾಡಿಸಿದಳು. ಗಂಡನ ಚಿತ್ರದ ಕಡೆ ಕೈ ಮಾಡಿ, "ಮೊದಲನೆಯದು ಅವರಿಗೆ" ಎಂದಳು. ಆಮೇಲೆ ತಟ್ಟೆಯಿಂದ ಇಳಿಸಿಕೊಂಡು ತಾನು ತಿನ್ನುವುದು. ಅದಕ್ಕವಳು ಹೇಳಿದ ಪದ ನನಗೆ ಗೊತ್ತಿರಲಿಲ್ಲ. ಆದರೆ ಗೂಡಿನಿಂದ ಕೈಗೆ, ಕೈಯಿಂದ ಹಣೆಗೆ, ಹಣೆಯಿಂದ ಬಾಯಿಗೆ ಎಂದು ಅಭಿನಯಿಸಿ ತೋರಿಸಿದಳು. ನಾನು ಅನುವಾದಿಸಬೇಕೆನ್ನುವಷ್ಟರಲ್ಲಿ ಅಮ್ಮ, "ಬೇಡ ಬಿಡು, ಗೊತ್ತಾಯ್ತು. ಪ್ರಸಾದ" ಎಂದಳು.

ಬಿಸಿ ದೈಫುಕುಗಳನ್ನು ಓಬಾಚಾನ್ ತನ್ನದೇ ಒಂದು ನೀಲಿ ತಟ್ಟೆಯಲ್ಲಿಟ್ಟು ಕೊಟ್ಟಳು. ಅಂಚಿನಲ್ಲಿ ಸಣ್ಣ ಚಕ್ಕೆ ಹೋಗಿತ್ತು. ಗಣಪತಿಗೆ ನೈವೇದ್ಯವಾಗಿ, ಮಂಗಳಾರತಿಯಾಗಿ, ಕೊನೆಗೂ ನನ್ನ ಕೈಗೆ ಒಂದು ಬಂತು. ಹೊರಗೆ ಗರಿ, ಅದರ ಕೆಳಗೆ ಎಳೆದಷ್ಟೂ ಬರುವ ಮೆತ್ತೆ, ಅದರೊಳಗೆ ನಾಲಿಗೆ ಸುಡುವ ಹೂರಣ. ಅದರಲ್ಲಿ ಏಲಕ್ಕಿ ಇರಲಿಲ್ಲ, ತೆಂಗಿನಕಾಯಿ ಇರಲಿಲ್ಲ. ಹುರಿದ ಹುರುಳಿಯನ್ನು ನೆನಪಿಸುವ ಮಣ್ಣಿನಂಥ ಒಂದು ಸಿಹಿ, ಹಿಂದೆಯೇ ಉಪ್ಪು. ಸಿಹಿಯಲ್ಲಿ ಉಪ್ಪು ಯಾಕೆ ಎಂದು ಕೇಳಬೇಕೆನ್ನಿಸಿತು. ಬಾಯಿ ತುಂಬಿತ್ತು.

ಟಿಕೆಟ್ಟಿನ ಮಾತು ಅವತ್ತು ಯಾರೂ ಎತ್ತಲಿಲ್ಲ. ಮರುದಿನ ಅಮ್ಮ ತಟ್ಟೆ ತೊಳೆದು, ಒರೆಸಿ, ಯೋಚಿಸುತ್ತ ನಿಂತಳು. ಹಬ್ಬದ ತಟ್ಟೆಯನ್ನು ಖಾಲಿ ಹಿಂದಿರುಗಿಸುವವರು ನಮ್ಮ ಕಡೆ ಯಾರಿದ್ದಾರೆ? ಕೋಡುಬಳೆ ಕರಿದು, ತುಂಬಿ ಕೊಟ್ಟಳು. ಆ ಕಡೆಯೂ ಇದೇ ಪದ್ಧತಿ ಎಂದು ನಮಗೇನು ಗೊತ್ತು? ಮೂರನೇ ದಿನ ತಟ್ಟೆ ಸಿಹಿಗೆಣಸಿನ ದೈಫುಕು ಹೊತ್ತು ಬಂತು. ಅಮ್ಮ ಚಿತ್ರಾನ್ನ ಕಳಿಸಿದಳು. ತಟ್ಟೆ ಇನ್ನೊಂದನ್ನು ಹೊತ್ತು ಬಂತು. ಒಳಗೇನೆಂದು ಕೇಳಿಬಂದ ನಾನು, "ಕುರಿ" ಎಂದೆ.

"ಶಿವನೇ! ಕುರಿನಾ?" ಅಮ್ಮ ತಟ್ಟೆಯಿಂದ ಎರಡು ಹೆಜ್ಜೆ ಹಿಂದೆ ಸರಿದಳು.

"ಮರದಲ್ಲಿ ಬಿಡೋ ಕುರಿ ಕಣೆ" ಎಂದು ಅಪ್ಪ ನಕ್ಕರು. "ಚೆಸ್ಟ್‌ನಟ್!"

ದಸರಾ ಹತ್ತಿರ ಬಂದಾಗ ಅಪ್ಪನೇ ಕೇಳಿದರು, "ಟಿಕೆಟ್ ಏನು ಮಾಡ್ಲಿ?"

ಅಮ್ಮ ಉದ್ದಿನಬೇಳೆ ರುಬ್ಬುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ತಟ್ಟೆ ನಮ್ಮನೇಲೇ ಇದೆಯಲ್ರೀ. ವಡೆ ಮಾಡಿ ಕೊಟ್ಬಿಡ್ತೀನಿ, ಆಮೇಲೆ ನೋಡೋಣ."

ತಟ್ಟೆ ಎರಡು ಮನೆಗಳ ನಡುವೆ ಓಡಾಡುತ್ತಲೇ ಇತ್ತು. ಒಯ್ಯುವ ಕೆಲಸ ಮೊದಲು ನನ್ನದಿತ್ತು, ಆಮೇಲೆ ಅಮ್ಮನೇ ಒಯ್ಯತೊಡಗಿದಳು. ಶಾಲೆಯಿಂದ ಬರುವಾಗ ನೋಡಿದರೆ ಒಳಮನೆಯಲ್ಲಿ ಇಬ್ಬರೂ ಕಾಳು ಆರಿಸುತ್ತ ಕುಳಿತಿರುತ್ತಿದ್ದರು. ಅಮ್ಮ ಕನ್ನಡದಲ್ಲಿ, ಓಬಾಚಾನ್ ಜಪಾನಿಯಲ್ಲಿ, ಇಬ್ಬರೂ ಒಟ್ಟಿಗೆ ಮಾತಾಡುತ್ತಿದ್ದರು. "ನಾನು ಹೇಳಲಾ ಅಮ್ಮಾ?" ಎಂದರೆ, "ನೀನು ಹೋಗಿ ಹೋಮ್‌ವರ್ಕ್ ಮಾಡು" ಎಂಬ ಉತ್ತರ ಬರುತ್ತಿತ್ತು.

ಜನವರಿಯಲ್ಲಿ ಶಾಲೆ ಶುರುವಾದ ವಾರ, ಇಳಿಜಾರಿನಲ್ಲಿ ಹಿಮ ಬಿದ್ದ ಒಂದು ಬೆಳಿಗ್ಗೆ, ಕೊನೆಯ ಹಲಗೆ ತಿರುಗಿತ್ತು. ಚಿತ್ರದ ಕೆಂಪು ಸ್ವಲ್ಪ ಮಾಸಿತ್ತು. ಓಬಾಚಾನ್ ಮೊದಲನೆಯದನ್ನು ಗೂಡಿನ ಮುಂದಿಟ್ಟು ಗಂಟೆ ಬಾರಿಸಿದಳು. ಎರಡನೆಯದನ್ನು ನನ್ನ ಅಂಗೈ ಮೇಲಿಟ್ಟಳು. ತಣ್ಣಗೆ, ಭಾರವಾಗಿ, ಒಳಗಿನ ಕೆಂಪು ತೆಳುವಾಗಿ ಹೊಳೆಯುತ್ತಿತ್ತು. ಅಭ್ಯಾಸಬಲದಿಂದ ನಾನು, "ಇದರ ಒಳಗೇ..." ಎಂದು ಶುರುಮಾಡಿದೆ.

ಜೊತೆಗೆ ಬಂದಿದ್ದ ಅಮ್ಮ ನನ್ನ ತಲೆಯ ಟೋಪಿ ಸರಿಮಾಡುತ್ತ ಹೇಳಿದಳು: "ಕೇಳ್ಬೇಡ. ಕಚ್ಚು."

ಕಾನಾ ಸುಳ್ಳು ಹೇಳಿರಲಿಲ್ಲ. ರಸ ಮೊಣಕೈವರೆಗೂ ಇಳಿಯಿತು.

ಮಾರ್ಚಿನಲ್ಲಿ ಹೊರಡುವಾಗ ಅಮ್ಮ ಹೋಳಿಗೆ ತುಂಬಿ ತಟ್ಟೆಯನ್ನು ಕೊಟ್ಟುಬಂದಳು. ಇನ್ನು ಲೆಕ್ಕ ಮುಗಿಯಿತು ಎಂದುಕೊಂಡಿದ್ದೆವು. ಬಸ್ಸಿಗೆ ಹತ್ತುವ ಹೊತ್ತಿಗೆ ಓಬಾಚಾನ್ ತಲೆವಸ್ತ್ರದಲ್ಲೇ ಓಡಿಬಂದು, ಅದೇ ತಟ್ಟೆಯನ್ನು ದೈಫುಕು ಸಮೇತ ಅಮ್ಮನ ಮಡಿಲಿಗಿಟ್ಟಳು. "ಇವತ್ತೇ ತಿನ್ನಿ" ಎಂದಳು. ಅಮ್ಮನಿಗೆ ಅದು ಅನುವಾದವಿಲ್ಲದೆ ಅರ್ಥವಾಯಿತು. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನನ್ನನ್ನು ಎಲ್ಲರ ಮುಂದೆ ನಿಲ್ಲಿಸಿ, ಜಪಾನಿನ ಬಗ್ಗೆ ಹೇಳು ಎಂದಾಗ ನಾನು ಬುಲೆಟ್ ರೈಲಿನ ಬಗ್ಗೆ ಹೇಳಲಿಲ್ಲ, ಗೋಡೆಗೆ ಮುಖ ಮಾಡಿ ಮಲಗುವ ಹಲಗೆಗಳ ಬಗ್ಗೆ ಹೇಳಿದೆ. ಸಿಸ್ಟರ್‌ಗೆ ಅರ್ಥವಾಗಲಿಲ್ಲ.

ಈಗ ನಾನಿರುವುದು ಗ್ಯೋಟೋಕುವಿನಲ್ಲಿ. ಗಂಡನ ಕೆಲಸ ಟೋಕಿಯೋದಲ್ಲಿ, ಮಗಳು ಇರಾ ಹುಟ್ಟಿದ್ದೇ ಇಲ್ಲಿ. ಮನೆಯ ಕೆಳಗೇ ಕೊಂಬಿನಿ, ಹಗಲೂ ರಾತ್ರಿಯೂ ತೆರೆದಿರುವ ಪುಟ್ಟ ಅಂಗಡಿ. ಅಲ್ಲಿ ಸ್ಟ್ರಾಬೆರಿ ದೈಫುಕು ಬೇಸಿಗೆಯಲ್ಲೂ ಸಿಗುತ್ತದೆ. ಮಾವು, ಚಾಕೊಲೇಟ್, ಕಾಫಿ, ಚೀಸ್ ತುಂಬಿದವೂ ಸಿಗುತ್ತವೆ. ಒಕಾಜಾಕಿಗೆ ಒಮ್ಮೆ ಹೋಗಿಬಂದೆವು. ಇಳಿಜಾರು ಇತ್ತು, ಮರದ ಬಾಗಿಲು ಇರಲಿಲ್ಲ. ಚೀಲದಲ್ಲಿ ಬೇಸನ್ ಉಂಡೆ ತುಂಬಿಕೊಂಡು ಹೋಗಿದ್ದ ನೀಲಿ ತಟ್ಟೆ ನನ್ನೊಂದಿಗೇ ವಾಪಸು ಬಂತು. ಉಂಡೆಗಳನ್ನು ರೈಲಿನಲ್ಲಿ ನಾವೇ ತಿಂದೆವು.

ಕಳೆದ ವಾರ ಕೊಂಬಿನಿಯಲ್ಲಿ ಒಂದು ಹೊಸ ಹಸಿರು ದೈಫುಕು ಕಂಡಿತು. ಕೌಂಟರಿನ ಹುಡುಗಿಯನ್ನು, ಕೇಳುವ ಆಸೆಗಾಗಿಯೇ, ನನ್ನ ಹಳೆಯ ವಾಕ್ಯದಲ್ಲಿ ಕೇಳಿದೆ: "ಇದರ ಒಳಗೇನಿದೆ?" ಅವಳು ವಿನಯದಿಂದ ಪೊಟ್ಟಣ ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ತೋರಿಸಿದಳು. ನಾನು "ಅರಿಗಾತೋ" ಎಂದೆ. ಅಷ್ಟರಲ್ಲಿ ಇರಾ ಫೋನ್ ಹಿಡಿದು ಓದಿಯೂ ಆಗಿತ್ತು. "ಅಮ್ಮಾ, ಇಟ್ಸ್ ಜಸ್ಟ್ ಮಾಚಾ, ಗ್ರೀನ್ ಟೀ. ನೋ ಎಗ್. ಡೈಜೋಬು, ಕಮ್."

ಮನೆಗೆ ಬಂದು ಒಂದನ್ನು ನೀಲಿ ತಟ್ಟೆಯ ಮೇಲಿಟ್ಟು ಫ್ರಿಜ್‌ನಲ್ಲಿಟ್ಟೆ. ಯಾಕೆಂದು ಇರಾ ಕೇಳಲಿಲ್ಲ. ಬೆಳಿಗ್ಗೆ ಒಲೆಯ ಮೇಲೆ ತಂತಿ ಜಾಲರಿ ಇಟ್ಟುಕೊಂಡು, ತಟ್ಟೆ ಹೊರತೆಗೆದು, ಅದನ್ನು ಓಬಾಚಾನ್ ಒತ್ತಿದ ಹಾಗೆ ಬೆರಳಿನಿಂದ ಒತ್ತಿ ನೋಡಿದೆ.

ಮೆತ್ತಗೇ ಇತ್ತು.